ಬೆನ್ನ ಮೇಲಿನ ಐದು

ಅವರ ಬಲಗಿವಿಯ ಮೇಲೆ ಸದಾ ಒಂದು ಸೀಮೆಸುಣ್ಣದ ತುಂಡು ಸಿಕ್ಕಿಕೊಂಡಿರುತ್ತಿತ್ತು. ಕಿವಿಯ ಹಿಂದಿನ ಕೂದಲು ವಯಸ್ಸಿಗೆ ಬೆಳ್ಳಗಾಗಿತ್ತೋ ಸುಣ್ಣಕ್ಕೋ ಹೇಳುವುದು ಕಷ್ಟ. ಹುಬ್ಬಳ್ಳಿಯ ಹಳೇ ಪೇಟೆಯ ಓಣಿಯೊಂದರಲ್ಲಿ ಸೆಕೆಂಡ್ ಹ್ಯಾಂಡ್ ಟಿವಿ ಮಾರುತ್ತಿದ್ದ ಅವರನ್ನು ಎಲ್ಲರೂ ಟಿವಿ ಕಾಕಾ ಎನ್ನುತ್ತಿದ್ದರು. ಅಂಥ ಕಟುಬಾಯಿಯ ಮನುಷ್ಯನಿಗೆ ಕಾಕಾ ಎಂಬ ಮೆತ್ತನೆಯ ಹೆಸರು ಹೇಗೆ ಅಂಟಿತೋ ಕಾಣೆ.

ಹಳೆಯ ಟಿವಿ ಕೈಗೆ ಬಂದರೆ ಅದನ್ನು ಇಡೀ ದಿನ ಹಚ್ಚಿಡುತ್ತಿದ್ದರು. ಸಂಜೆ ಪರದೆಯ ನಾಲ್ಕೂ ಮೂಲೆಗೆ ಕೈಯ ಹಿಂಬದಿ ಒತ್ತಿ ಶಾಖ ನೋಡಿ, ಟಿವಿಯ ಬೆನ್ನಿಗೆ ಸೀಮೆಸುಣ್ಣದಿಂದ ಒಂದು ಅಂಕಿ ಬರೆಯುತ್ತಿದ್ದರು. ಅದು ಇನ್ನೆಷ್ಟು ತಿಂಗಳು ಬಾಳುತ್ತದೆ ಎಂಬ ಅಂದಾಜು. ಬೆಲೆಯೂ ಅದರಂತೆಯೇ. ಚೌಕಾಸಿಗೆ ಇಳಿದವರಿಗೆ, "ಟಿವಿ ಸತ್ತ ಮ್ಯಾಲೆ ಅಳಬ್ಯಾಡ್ರಿ, ತಗೊಳ್ಳೂ ಮುಂದ ಅಳ್ರಿ" ಎನ್ನುತ್ತಿದ್ದರು. ಗರಗದಿಂದ ಬಂದಿದ್ದ ಹೊಸ ಮದುಮಕ್ಕಳಿಗೆ, ನಿಮ್ಮ ಜಗಳ ಶುರುವಾಗುವ ತನಕ ಇದಕ್ಕೆ ಮೋಸವಿಲ್ಲ ಎಂದು ಒಂಬತ್ತು ಬರೆದಿದ್ದ ಟಿವಿಯೊಂದನ್ನು ಕಟ್ಟಿಕೊಟ್ಟದ್ದನ್ನು ನಾನೇ ಕಂಡಿದ್ದೇನೆ. ಹುಡುಗಿ ನಗಲೋ ಬೇಡವೋ ಎಂದು ಗಂಡನ ಮುಖ ನೋಡಿದಳು.

ನಾನು ಹೋದದ್ದು ನನ್ನ ಅತ್ತೆಗಾಗಿ. ಅಪ್ಪನ ಅಕ್ಕ, ತಾಯಿಯಿಲ್ಲದ ನನ್ನನ್ನು ಸಾಕಿದವಳು, ಪಾಟಿಯ ಮೇಲೆ ಕೈಹಿಡಿದು ಅಂಕಿ ತಿದ್ದಿಸಿದವಳು. ಕಿಡ್ನಿ ಕೆಟ್ಟು ವಿದ್ಯಾನಗರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಮಲಗಿದ್ದಳು. ಧಾರಾವಾಹಿ ನೋಡುವ ಆಸೆ ಅವಳಿಗೆ. ಕಾಕಾ ನನ್ನನ್ನು ಕೇಳಿದ್ದು ಒಂದೇ ಮಾತು: "ನೋಡಾವ್ರು ಎಷ್ಟ ದಿನ ಇರ್ತಾರ್ರಿ?"

ಸಿಟ್ಟು ಬಂತು. ಸಿಟ್ಟು ಬಂದವನು ಎದ್ದು ಬರಬೇಕಿತ್ತು. ಡಾಕ್ಟರು ಏನೂ ಹೇಳಲಿಕ್ಕಾಗದು ಎಂದಿದ್ದರು. ನಾನು ನಾಲ್ಕೈದು ತಿಂಗಳು ಎಂದುಬಿಟ್ಟೆ. ಅವರು ಮೂವತ್ತು ಎಂದು ಬರೆದಿದ್ದ ಟಿವಿಯನ್ನು ಪಕ್ಕಕ್ಕೆ ಸರಿಸಿ, ಐದರದನ್ನು ಮುಂದಿಟ್ಟರು. ಅಗ್ಗಕ್ಕೆ ಸಿಕ್ಕಿತಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಆ ಅಂಕಿಯನ್ನು ಒರೆಸಬೇಕೆಂದು ನನಗೆ ಹೊಳೆಯಲಿಲ್ಲ. ವೈರು ಜೋಡಿಸಲು ಟಿವಿಯನ್ನು ತಿರುಗಿಸಿದಾಗ ಅದರ ಬೆನ್ನು ಅತ್ತೆಯ ಮಂಚದ ಕಡೆಗಿತ್ತು. ಅದೇನು ಐದು ಎಂದು ಕೇಳಿದಳು. ಟಿವಿ ಬಾಳುವ ತಿಂಗಳು ಎಂದೆ. "ಬರೇ ಐದ ತಿಂಗಳದ್ದ ಯಾಕ ತಂದ್ಯೋ?" ಎಂದಳು. ನಾನು ವೈರಿನಲ್ಲಿ ಮುಖ ಹುದುಗಿಸಿದೆ. ಅವಳೇ, "ಸಾಕ ಬಿಡು" ಎಂದು ಗೋಡೆಯ ಕಡೆ ಹೊರಳಿದಳು.

ಐದನೆಯ ತಿಂಗಳು ಮುಗಿಯುವ ಹೊತ್ತಿಗೆ ಪರದೆ ಕಪ್ಪಾಯಿತು. ಮಾತು ಮಾತ್ರ ಕೇಳುತ್ತಿತ್ತು. ಅತ್ತೆ ಅಷ್ಟರಲ್ಲಿ ಎದ್ದು ಕೂರುವಷ್ಟು ಚೇತರಿಸಿಕೊಂಡಿದ್ದಳು. ನಾನು ಅಂಗಡಿಗೆ ಹೋಗಿ ಜಗಳ ತೆಗೆದೆ. ಕಾಕಾ ದನಿ ಏರಿಸಲಿಲ್ಲ.

"ಟಿವಿದು ನಾ ಹೇಳಿದ್ದೆ, ಬರೋಬ್ಬರಿ ಐದಕ್ಕ ಹೋತು. ಅತ್ತೀದು ನೀವ ಹೇಳಿದ್ರಿ."

ಅಷ್ಟು ಹೇಳಿದವರು ಅಂಗಡಿ ಮುಚ್ಚಿ, ಪರದೆಯ ಹಿಂದೆ ಉರಿಯುವ ದೀಪದ ಹೊಸ ಪಟ್ಟಿ ಹಿಡಿದು ನನ್ನ ಜೊತೆಗೇ ಬಂದರು. ದುಡ್ಡು ಬೇಡವೆಂದರು. ಆದರೆ ಅತ್ತೆ ಟಿವಿ ಬಿಚ್ಚಲು ಬಿಡಲಿಲ್ಲ. "ನನ್ನ ಕೂಸು ನನಗ ಕೊಟ್ಟಿದ್ದು ಐದ ತಿಂಗಳರಿ. ಮುಗದಾವು" ಎಂದಳು. ಕಾಕಾ ಒತ್ತಾಯಿಸಲಿಲ್ಲ. ಟಿವಿ ಹಚ್ಚಿ, ಮನೆಯ ಟಾರ್ಚ್ ಇಸಿದುಕೊಂಡು ಕಪ್ಪು ಪರದೆಗೆ ಹತ್ತಿರ ಹಿಡಿದರು. ಬೆಳಕಿನ ವೃತ್ತದಲ್ಲಿ ಧಾರಾವಾಹಿಯ ಒಂದು ಹೆಣ್ಣಿನ ಮುಖ ಮಸುಕಾಗಿ ಅಳುತ್ತಿತ್ತು.

"ಚಿತ್ರ ಒಳಗ ಐತಿ ಯವ್ವಾ, ಬೆಳಕಷ್ಟ ಹೋಗೈತಿ."

ಅತ್ತೆ ಟಾರ್ಚನ್ನು ಅವರ ಕೈಯಿಂದ ತೆಗೆದುಕೊಂಡಳು. ಅನಂತರ ಎರಡು ವರ್ಷ ಬದುಕಿದಳು. ದಿನಾ ಮಧ್ಯಾಹ್ನ ಪರದೆಗೆ ಕುರ್ಚಿ ಅಂಟಿಸಿ, ಟಾರ್ಚ್ ಹಿಡಿದು, ಒಂದೊಂದೇ ಮುಖ ಹುಡುಕಿಕೊಂಡು ಧಾರಾವಾಹಿ ನೋಡುತ್ತಿದ್ದಳು. ನಾನು ತಂದ ಹೊಸ ಟಿವಿಯ ಡಬ್ಬಿ ಬಿಚ್ಚಗೊಡಲಿಲ್ಲ. ನಾನು ಕೋಣೆಗೆ ಕಾಲಿಟ್ಟರೆ ಟಾರ್ಚ್ ಆರಿಸಿ ಕತ್ತಲೆ ಪರದೆಯನ್ನೇ ನೋಡುತ್ತ ಕೂರುತ್ತಿದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅವಳು ಹೋದ ದಿನ ಕಾಕಾ ಬಂದು ಬಾಗಿಲಲ್ಲಿ ನಿಂತು ಹೋದರು. ಆ ಮನುಷ್ಯನನ್ನು ದ್ವೇಷಿಸಲು ನಾನು ಬಹಳ ಪ್ರಯತ್ನಪಟ್ಟಿದ್ದೇನೆ. ಆಗಿಲ್ಲ, ನನಗೆ ಒಂದೂ ಸುಳ್ಳು ಹೇಳದವರು ಅವರೊಬ್ಬರೇ.

ಹೋದ ಚಳಿಗಾಲದಲ್ಲಿ ಅವರೂ ತೀರಿಕೊಂಡರು. ಅದಕ್ಕೆ ಎಂಟು ದಿನ ಮೊದಲು ನೋಡಲು ಹೋಗಿದ್ದೆ. ಮೈಯಲ್ಲಿ ಎಲುಬು ಬಿಟ್ಟರೆ ಏನೂ ಉಳಿದಿರಲಿಲ್ಲ, ಕಿವಿಯ ಮೇಲಿನ ಸೀಮೆಸುಣ್ಣವೊಂದು ಇತ್ತು. ಅದನ್ನು ತೆಗೆದು ನನ್ನ ಕೈಗಿಟ್ಟು, ನಿಧಾನವಾಗಿ ಹೊರಳಿ ನನಗೆ ಬೆನ್ನು ಕೊಟ್ಟರು.

"ಬರೀರಿ" ಎಂದರು.

ಇನ್ನೂ ಬಹಳ ವರ್ಷ ಇರುತ್ತೀರಿ, ಹಾಗೆಲ್ಲ ಮಾತಾಡಬೇಡಿ ಎಂದು ಏನೇನೋ ತೊದಲಿದೆ. ಅವರು ಗೋಡೆಗೆ ಮುಖ ಮಾಡಿಕೊಂಡೇ ಹೇಳಿದರು:

"ನಿಮ್ಮ ಅತ್ತೀದು ಕೇಳಿದ ಕೂಡ್ಲೆ ಲಗೂ ಹೇಳಿದ್ರಲ್ಲಾ."