ಪೈಲ್ವಾನರ ಮೊಣಕಾಲು ಊದಿದ ದಿನ

ಅದು 1957ರ ಬೇಸಿಗೆ. ನನಗೆ ಮದುವೆಯಾಗಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ನನ್ನ ತವರು ಸೊರಬ ತಾಲ್ಲೂಕಿನ ಕುಪ್ಪಗಡ್ಡೆ, ಕೊಟ್ಟದ್ದು ಶಿಕಾರಿಪುರಕ್ಕೆ. ನಮ್ಮ ಮನೆಯವರು ಪೈಲ್ವಾನರು. ಶೋಕಿಗೆ ಕುಸ್ತಿ ಆಡಿದವರಲ್ಲ, ಅದೇ ಅವರ ಕಸುಬು. ಸುಗ್ಗಿ ಮುಗಿದ ಮೇಲೆ ಹಾವೇರಿ, ಹರಿಹರ, ದಾವಣಗೆರೆ ಎಂದು ಕುಸ್ತಿ ಇದ್ದ ಕಡೆಗೆಲ್ಲ ಹೋಗುತ್ತಿದ್ದರು. ಗೆದ್ದು ತಂದದ್ದರಲ್ಲಿ ಮನೆ ನಡೆಯುತ್ತಿತ್ತು. ಮಳೆಗಾಲದಲ್ಲಿ ಊರಿನ ಗರಡಿಯಲ್ಲಿ ಬೇರೆಯವರಿಗೆ ಕಲಿಸುತ್ತಿದ್ದರು.

ಹಿಂದಿನ ವರ್ಷ ಹಾವೇರಿಯಲ್ಲಿ ಎದುರಾಳಿಯನ್ನು ಎತ್ತಿ ತಿರುಗುವಾಗ ಅವರ ಬಲ ಮೊಣಕಾಲು ಒಳಗೇ ಹೊರಳಿತು. ಅಂದಿನಿಂದ ಕಾಲು ಮಡಚಿದ್ದು ಮಡಚಿದಂತೆಯೇ ಸಿಕ್ಕಿಕೊಂಡಿತು. ಎಣ್ಣೆ ತಿಕ್ಕಿಸಿದ್ದಾಯಿತು, ಸೊಪ್ಪು ಅರೆದು ಕಟ್ಟಿಸಿದ್ದಾಯಿತು, ಏನೂ ಆಗಲಿಲ್ಲ. ಕೊನೆಗೆ ದಾವಣಗೆರೆಯ ಡಾಕ್ಟರೊಬ್ಬರು ನೋಡಿ, "ಎರಡು ಎಲುಬಿನ ನಡುವೆ ಗಾದಿಯಂಥ ಮೆತ್ತನೆ ಎಲುಬು ಇರ್ತದೆ. ಅದು ಹರಿದು ಸಂದಿಯಲ್ಲಿ ಸಿಕ್ಕಿಕೊಂಡಿದೆ. ಕೊಯ್ದು ತೆಗೀಬೇಕು" ಎಂದರು. ತೆಗೆದರು. ಕಾಲು ನೆಟ್ಟಗಾಯಿತು. ಆದರೆ ಪಟ್ಟಿ ಬಿಚ್ಚಿದಾಗ ತೊಡೆಯ ಮಾಂಸವೆಲ್ಲ ಇಳಿದುಹೋಗಿತ್ತು. ಎಡಗಾಲು ಮರದ ಬೊಡ್ಡೆಯಂತೆ, ಬಲಗಾಲು ಬಡಕಲು. ಇವರು ಅದರ ಮೇಲೆ ಪಂಚೆ ಎಳೆದುಕೊಂಡು ಗೋಡೆಯ ಕಡೆ ಮುಖ ತಿರುಗಿಸಿದರು.

ದಿನಾ ಕಾಲು ಎತ್ತಿ ಇಳಿಸಬೇಕು, ನಿಧಾನಕ್ಕೆ ನಡೆಯಬೇಕು, ಹೇಳುವ ತನಕ ನೆಲದ ಮೇಲೆ ಕಾಲು ಮಡಚಿಯಾಗಲಿ ಕುಕ್ಕರಗಾಲಲ್ಲಾಗಲಿ ಕೂರಬಾರದು, ಬಸ್ಕಿಯಂತೂ ಬೇಡವೇ ಬೇಡ ಎಂದು ಡಾಕ್ಟರು ಹೇಳಿ ಕಳಿಸಿದರು. ಶಿಕಾರಿಪುರದಲ್ಲಿದ್ದರೆ ಗರಡಿಯವರು ಬಂದು, "ಯಾವಾಗ ಮಣ್ಣಿಗೆ ಇಳಿಯೋದು?" ಎಂದು ಕೇಳುತ್ತಿದ್ದರು. ಅದನ್ನು ಕೇಳಿದ ದಿನ ಇವರು ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಅದಕ್ಕೇ ಅಪ್ಪ ಬಂದು ನಮ್ಮಿಬ್ಬರನ್ನೂ ಕುಪ್ಪಗಡ್ಡೆಗೆ ಕರೆದೊಯ್ದರು.

ಆ ಬೇಸಿಗೆಯಲ್ಲಿ ನಮ್ಮ ಸೀಮೆಯ ಜನ ಜೀವ ಕೈಯಲ್ಲಿ ಹಿಡಿದುಕೊಂಡಿದ್ದರು. ಕ್ಯಾಸನೂರಿನ ಕಡೆ ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು. ಸೊಪ್ಪು ಸೌದೆಗೆ ಹೋದವರಿಗೆ ಜ್ವರ ಬರುತ್ತಿತ್ತು. ತಲೆನೋವು, ಮೈಕೈ ನೋವು, ಆಮೇಲೆ ಏಳಲಾಗದಂಥ ಸುಸ್ತು. ಕೆಲವರು ಉಳಿಯಲಿಲ್ಲ. ಅದು ಏನು, ಹೇಗೆ ಬರುತ್ತದೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಕಾಡಿನ ಕಡೆ ಹೋಗಬೇಡಿ ಎಂಬುದಷ್ಟೇ ಗೊತ್ತಿತ್ತು.

ಇವರು ಬೆಳಗ್ಗೆ ಕೋಲು ಹಿಡಿದು ನಡೆಯಲು ಹೋಗುತ್ತಿದ್ದುದು ಕಾಡಿನ ಅಂಚಿನ ದಾರಿಯಲ್ಲೇ. ಆ ಕಡೆ ಬೇಡ ಎಂದು ಅಪ್ಪ ಹೇಳಿದರೂ, "ಅಂಚಿನ ತನಕ ಅಷ್ಟ ಮಾವ, ಒಳಗ ಹೋಗಂಗಿಲ್ಲ" ಎನ್ನುತ್ತಿದ್ದರು.

ಒಂದು ದಿನ ಹೊತ್ತೇರಿದರೂ ಇವರು ಹಾಸಿಗೆ ಬಿಟ್ಟು ಏಳಲಿಲ್ಲ. ಹೋಗಿ ಮುಟ್ಟಿದರೆ ಮೈ ಬೆಚ್ಚಗಿತ್ತು. "ತಲಿ ಸಿಡಿತೈತಿ, ಮೈಯೆಲ್ಲ ನೋವು" ಎಂದರು. ಕಂಬಳಿ ಸರಿಸಿ ನೋಡಿದರೆ ಮೊಣಕಾಲು ಕುಂಬಳಕಾಯಿಯಂತೆ ಊದಿತ್ತು. ಕೊಯ್ದ ಕಾಲಿಗೆ ಕೀವು ಆಯಿತೋ, ಕಾಡಿನ ಜ್ವರವೇ ಹತ್ತಿತೋ, ಎರಡೂ ಒಟ್ಟಿಗೇ ಬಂತೋ ತಿಳಿಯಲಿಲ್ಲ.

ಅಪ್ಪ ಗಾಡಿ ಕಟ್ಟಿದರು. ಹುಲ್ಲು ಹಾಸಿ, ಅದರ ಮೇಲೆ ಕೌದಿ ಹಾಕಿ ಇವರನ್ನು ಮಲಗಿಸಿಕೊಂಡು ಸೊರಬಕ್ಕೆ ಹೊರಟೆವು. ದಾರಿಯಲ್ಲಿ ಒಂದು ಮನೆಯ ಮುಂದೆ ಗಾಡಿ ನಿಲ್ಲಿಸಿ ನೀರು ಕೇಳಿದೆ. ಆ ಹೆಂಗಸು ತಂಬಿಗೆ ಹಿಡಿದು ಹೊರಗೆ ಬಂದವಳು ಇವರನ್ನು ನೋಡಿ, "ಜ್ವರವಾ?" ಎಂದಳು. ಹೌದೆಂದೆ. ತಂಬಿಗೆಯನ್ನು ಜಗಲಿಯ ತುದಿಯಲ್ಲಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳ ಮನೆಯಲ್ಲಿ ಮಕ್ಕಳಿದ್ದಿರಬೇಕು.

ಸೊರಬದ ಆಸ್ಪತ್ರೆಯ ಮುಂದೆ ಜನ ಸೇರಿದ್ದರು. ಇವರದು ಭಾರವಾದ ದೊಡ್ಡ ಮೈ, ಅಪ್ಪನಿಗೆ ವಯಸ್ಸಾಗಿತ್ತು. ನಾವಿಬ್ಬರೂ ಎಷ್ಟು ತಿಣುಕಿದರೂ ಗಾಡಿಯಿಂದ ಇಳಿಸಲು ಆಗಲಿಲ್ಲ. ನಿಂತವರು ನೋಡಿದರು, ಯಾರೂ ಹತ್ತಿರ ಬರಲಿಲ್ಲ. ಆಗ ಬೇವಿನ ಮರದ ಕೆಳಗೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದ ಸಾಬರೊಬ್ಬರು ಕೈ ಒರೆಸಿಕೊಳ್ಳುತ್ತಾ ಎದ್ದು ಬಂದರು.

"ಶಿಕಾರಿಪುರದ ಪೈಲ್ವಾನ್ರು ಅಲ್ವೇನಮ್ಮ ಇವ್ರು?"

"ಹೌದು. ಜ್ವರ ಇದೆ ಸಾಬ್ರೇ" ಎಂದೆ. ಹೇಳದೆ ಮುಟ್ಟಿಸುವುದು ಸರಿಯಲ್ಲ ಅನ್ನಿಸಿತು.

"ಇರ್ಲಿ ಬಿಡಮ್ಮ. ಇವ್ರ ಕುಸ್ತಿ ನೋಡಿ ಕೂಗಿ ಕೂಗಿ ಗಂಟ್ಲು ಕಟ್ಕೊಂಡಿದೀನಿ ನಾನು" ಎಂದು ಇವರ ತೋಳಿನ ಕೆಳಗೆ ಹೆಗಲು ಕೊಟ್ಟರು. ಇವರ ಬೆವರು ಆ ಮನುಷ್ಯನ ಕೆನ್ನೆಗೆ ತಾಗುತ್ತಿತ್ತು. ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಿಕೊಂಡು, "ಇವ್ರ ಕೈಲಿ ಸೋತವ್ರ ಕಷ್ಟ ಇವತ್ತು ಗೊತ್ತಾಯ್ತು" ಎಂದರು. ಎಷ್ಟೋ ದಿನದ ಮೇಲೆ ಇವರ ಮುಖದಲ್ಲಿ ಒಂದು ನಗು ಮೂಡಿತು.

ಡಾಕ್ಟರು ಬಾಯಿಗೆ ಜ್ವರದ ಕಡ್ಡಿ ಇಟ್ಟು ನೋಡಿದರು. ಕಣ್ಣು, ನಾಲಿಗೆ ನೋಡಿದರು. ಮೊಣಕಾಲನ್ನು ಒತ್ತಿ ನೋಡಿ ಅಪ್ಪನಿಗೆ ಹೇಳಿದರು: "ಒಳಗಿರೋದನ್ನ ಸೂಜಿ ಹಾಕಿ ತೆಗೀತೀನಿ. ಕೀವು ಬಂದ್ರೆ ಈಗಲೇ ಶಿವಮೊಗ್ಗಕ್ಕೆ ಹೋಗ್ಬೇಕು. ಆಮೇಲೆ ಕಾಲಿನ ವಿಷಯ ನಾನು ಹೇಳಕ್ಕಾಗಲ್ಲ."

ದೊಡ್ಡ ಸೂಜಿ ಚುಚ್ಚಿದರು. ಇವರು ನನ್ನ ಕೈ ಹಿಡಿದಿದ್ದರು. ನಾನು ಕಣ್ಣು ಮುಚ್ಚಿಕೊಳ್ಳಬೇಕೆಂದುಕೊಂಡೆ, ಆಗಲಿಲ್ಲ. ಗಾಜಿನ ಕೊಳವೆಯೊಳಗೆ ನಿಧಾನಕ್ಕೆ ಏರಿ ಬಂದದ್ದು ಹರಳೆಣ್ಣೆ ಬಣ್ಣದ ತಿಳಿನೀರು. ಡಾಕ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, "ಕೀವಲ್ಲ. ಬರೀ ನೀರು" ಎಂದರು. ಅಪ್ಪ ಅಲ್ಲೇ ಗೋಡೆಗೆ ಒರಗಿ ನೆಲಕ್ಕೆ ಕುಸಿದು ಕೂತರು.

"ಹಂಗಾದ್ರೆ ಜ್ವರ?" ಎಂದೆ.

"ಜ್ವರ ಅಂಥದ್ದೇನಿಲ್ಲಮ್ಮ, ಮೈ ಸ್ವಲ್ಪ ಬೆಚ್ಚಗಿದೆ ಅಷ್ಟೇ." ಆಮೇಲೆ ಇವರ ಎಡತೊಡೆಯನ್ನು ಒತ್ತಿದರು. ಇವರು ಹಲ್ಲು ಕಚ್ಚಿದರು. ಹೆಗಲು ಒತ್ತಿದರು, ಅಲ್ಲೂ ನೋವು. "ಏನ್ರೀ ಪೈಲ್ವಾನ್ರೇ, ಮೊನ್ನೆಯಿಂದ ಏನು ಮಾಡಿದ್ರಿ? ನಿಜ ಹೇಳಿ."

ಇವರು ಛಾವಣಿ ನೋಡುತ್ತಾ ಮಲಗಿದ್ದರು. "ಬಸ್ಕಿ ಹೊಡದೆ ಡಾಕ್ಟ್ರೇ. ಕಾಡಿನ ಅಂಚಿಗೆ ಹೋಗಿ. ಅಲ್ಲಿ ಯಾರೂ ಬರಂಗಿಲ್ಲ. ನೆಲಕ್ಕ ಕೈ ಊರಿ ದಂಡಾನೂ ಹೊಡದೆ, ಬಿಸಿಲೇರೋ ಮಟ."

"ಯಾಕೆ?"

"ಮಾವನ ಮನ್ಯಾಗ ಎಷ್ಟು ದಿನ ಕುಂತು ಉಣ್ಣಲಿ? ಕಾಲು ನಂದು ಹೌದೋ ಅಲ್ಲೋ ನೋಡ್ಬೇಕಿತ್ತು."

ನನಗೆ ನಗು ಬಂತು, ಅದರ ಜೊತೆಗೇ ಅಳು ಬಂತು. ಇಷ್ಟು ದಿನ ಇವರು ನೋವಿಗೆ ಮುಖ ತಿರುಗಿಸಿ ಕೂರುತ್ತಾರೆ ಎಂದುಕೊಂಡಿದ್ದೆ. ಇವರನ್ನು ತಿನ್ನುತ್ತಿದ್ದುದು ಬೇರೆಯೇ ಆಗಿತ್ತು. ಅಪ್ಪ ನೆಲದಲ್ಲಿ ಕೂತಲ್ಲಿಂದಲೇ, "ನೀವು ನಮ್ಮನೆಲಿ ಉಂಡದ್ದನ್ನ ಯಾರು ಲೆಕ್ಕ ಇಡ್ತಾರೆ ಅಳಿಯಂದಿರೇ? ನೀವು ಉಣ್ಣದಿದ್ರೆ ನಮಗೆ ಊಟ ಸೇರಲ್ಲ" ಎಂದರು. ಅಪ್ಪ ಅಷ್ಟು ಮಾತಾಡಿದ್ದು ನಾನು ಕೇಳಿರಲಿಲ್ಲ.

ಡಾಕ್ಟರು ಮೊಣಕಾಲಿಗೆ ಬಿಗಿಯಾಗಿ ಪಟ್ಟಿ ಸುತ್ತಿದರು. ಊತ ಇಳಿದ ಮೇಲೆ ಪಾದಕ್ಕೆ ಮರಳಿನ ಸಣ್ಣ ಚೀಲ ಕಟ್ಟಿ ಕಾಲೆತ್ತಬೇಕು, ಚೀಲವನ್ನು ವಾರವಾರ ಸ್ವಲ್ಪ ದೊಡ್ಡದು ಮಾಡಬೇಕು ಎಂದು ಮಾಡಿ ತೋರಿಸಿದರು. "ಮಣ್ಣಿಗೆ ಇಳೀತೀರಿ, ಆದ್ರೆ ನಾನು ಹೇಳಿದ ಮೇಲೆ" ಎಂದರು. ಹೊರಗೆ ಬಂದಾಗ ಕಲಾಯಿ ಸಾಬರು ಕೆಲಸ ಬಿಟ್ಟು ಬಾಗಿಲಲ್ಲೇ ನಿಂತಿದ್ದರು. ವಿಷಯ ಕೇಳಿ, "ಅಲ್ಲಾ ದೊಡ್ಡವನು" ಎಂದು ಮತ್ತೆ ಹೆಗಲು ಕೊಟ್ಟು ಗಾಡಿ ಹತ್ತಿಸಿದರು.

ಆ ಮರಳಿನ ಚೀಲವನ್ನು ನಾನೇ ಹೊಲಿದೆ. ಮಳೆಗಾಲ ಕಳೆಯುವ ಹೊತ್ತಿಗೆ ಅದು ಪುಟ್ಟ ತಲೆದಿಂಬಿನಷ್ಟಾಗಿತ್ತು, ತೊಡೆಯೂ ತುಂಬಿಕೊಂಡಿತ್ತು. ಮುಂದೆ ಇವರು ಕುಸ್ತಿ ಆಡಿದರು, ಗೆದ್ದರು, ಸೋತರು. ಅದೆಲ್ಲ ಬೇರೆ ಮಾತು. ನನಗೆ ದೊಡ್ಡ ದಿನವೆಂದರೆ ನೆಲದ ಮೇಲೆ ಕೂರಲು ಸೊರಬದ ಡಾಕ್ಟರ ಒಪ್ಪಿಗೆ ಸಿಕ್ಕ ಮಾರನೆಯ ದಿನ. ಅಲ್ಲಿಯವರೆಗೆ ಬೆಂಚಿನ ಮೇಲೆ ಕೂತು ಒಬ್ಬರೇ ಉಣ್ಣುತ್ತಿದ್ದವರು ಅಂದು ಗೋಡೆ ಹಿಡಿದು ನಿಧಾನಕ್ಕೆ ಇಳಿದು, ಅಪ್ಪನ ಪಕ್ಕದ ಮಣೆಯ ಮೇಲೆ ಕಾಲು ಮಡಚಿ ಕೂತರು. ಅಪ್ಪ ತಮ್ಮ ಎಲೆಯನ್ನು ಸ್ವಲ್ಪ ಸರಿಸಿ ಜಾಗ ಮಾಡಿದರು. ಅವ್ವ ಅನ್ನ ಬಡಿಸಿದಳು. ಇವರು ಎರಡನೆಯ ಸಲವೂ ಅನ್ನ ಕೇಳಿ ಹಾಕಿಸಿಕೊಂಡರು.