ಬಿತ್ತದ ಹೊಲದ ಹೊಗೆ

ಮಳೆ ಕೈಕೊಟ್ಟ ಎರಡನೆಯ ವರ್ಷ ಬೀದರಿನಲ್ಲಿ ನನಗೊಂದು ತಾತ್ಕಾಲಿಕ ಕೆಲಸ ಸಿಕ್ಕಿತು. ಹೊಲದಿಂದ ಹೊಲಕ್ಕೆ ಹೋಗಿ, ಬೆಳೆಗೆ ಎಷ್ಟು ಡೀಸೆಲ್ ಸುಟ್ಟಿತು, ಎಷ್ಟು ಕರೆಂಟು ಹೋಯಿತು, ಎಷ್ಟು ಚೀಲ ಯೂರಿಯಾ ಹಾಕಿದರು ಎಂದು ಕೇಳಿ ಬರೆದುಕೊಳ್ಳಬೇಕು. ಅದರಿಂದ ಯಾವ ಹೊಲ ಗಾಳಿಗೆ ಎಷ್ಟು ಹೊಗೆ ಸೇರಿಸಿತೆಂದು ಕಚೇರಿಯಲ್ಲಿ ಲೆಕ್ಕ ಹಾಕುತ್ತಿದ್ದರು.

ಠಾಣಾ ಕುಶನೂರಿಗೆ ಹೋಗುವ ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂತರೆ, ಬಿಸಿಲಿನಲ್ಲಿ ಕರಿಮಣ್ಣು ನೀರಿನ ಹಾಗೆ ಅಲುಗುತ್ತಿತ್ತು. ಎಚ್ಚರವಾಗಿದ್ದೆನೋ ನಿದ್ದೆಯಲ್ಲಿದ್ದೆನೋ, ಈಗಲೂ ಹೇಳಲಾರೆ. ಆ ಅಮಲಿನಲ್ಲೇ ಇಳಿದು ನಡೆದಾಗ, ತೊಗರಿ ಸಾಲಿನ ನೆರಳಲ್ಲಿ ಒಬ್ಬ ಹೆಂಗಸು ಕೂತಿದ್ದಳು. ನನಗಿಂತ ಹತ್ತು ವರ್ಷ ಹಿರಿಯಳಿರಬೇಕು. ಗಂಡ ಕಟ್ಟಡದ ಕೆಲಸಕ್ಕೆಂದು ಹೈದರಾಬಾದಿಗೆ ಹೋಗಿದ್ದ. ಹೊಲದ ಕೆಲಸವೆಲ್ಲ ಅವಳೊಬ್ಬಳದೇ ಆಗಿತ್ತು.

ಸುತ್ತಲಿನವರೆಲ್ಲ ಟ್ರ್ಯಾಕ್ಟರ್ ಹಚ್ಚಿ ವರ್ಷವರ್ಷವೂ ಸೋಯಾ ಬಿತ್ತುತ್ತಿದ್ದರು. ಇವಳು ಮಾತ್ರ ಒಂದು ವರ್ಷ ಜೋಳದ ಜೊತೆ ತೊಗರಿ, ಮರುವರ್ಷ ಹೆಸರು, ಅದು ಬಂದ ಮೇಲೆ ಕಡಲೆ.

“ಯೂರಿಯಾ ಎಷ್ಟ್ ಹಾಕ್ತೀರಿ ಅಕ್ಕಾ?” ಎಂದೆ.

“ಯಾಕ ಹಾಕ್ಬೇಕ್ ತಂಗಿ? ತೊಗರಿ ಎಲಿ ಪೂರಾ ಉದರ್ತಾವ. ಮುಂದಿನ ಬೆಳಿ ಅದನ್ನೇ ತಿಂತದ. ಸುಗ್ಗಿ ಆದ್ಮ್ಯಾಗ ಹೊಲದಾಗ ಕುರಿ ನಿಲ್ಲಸ್ತೇನಿ, ಹಿಕ್ಕಿ ಗೊಬ್ಬರ ಸಾಕಾಗ್ತದ.”

ಗೊಬ್ಬರದ ಒಂದು ಚೀಲ ದೂರದ ಕಾರ್ಖಾನೆಯಲ್ಲಿ ಎಷ್ಟು ಗ್ಯಾಸ್ ತಿಂದು ಹುಟ್ಟುತ್ತದೆಂದು ನಾನು ವಿವರಿಸಿದೆ. ಅವಳು ಗಲ್ಲಕ್ಕೆ ಕೈಯಿಟ್ಟು, ಕಥೆ ಕೇಳುವವಳಂತೆ ಕೇಳಿದಳು. ಅಷ್ಟರಲ್ಲಿ ಹಳದಿ ಹೂವೊಂದು ನನ್ನ ಕಾಗದದ ಮೇಲೆ ಬಿತ್ತು. ಇಬ್ಬರೂ ಅದನ್ನು ತೆಗೆಯಲಿಲ್ಲ.

ಮೂರನೆಯ ವರ್ಷ ಮೋಡ ಬಂದು ಬಂದು ಹೋದವು. ನಾನು ಹೋದಾಗ ಅವಳ ಬಾಗಿಲಿಗೆ ಬೀಗ ಬಿದ್ದಿತ್ತು, ಹೊಲ ಬಯಲಾಗಿತ್ತು.

“ಡೀಸೆಲ್ ಇಲ್ಲ, ಗೊಬ್ಬರ ಇಲ್ಲ. ಎಲ್ಲಾ ಕಡಿ ಸೊನ್ನಿ ಬರೀರಿ,” ಎಂದರು ನಮ್ಮ ಸಾಹೇಬರು, ನಾನು ಕಚೇರಿಗೆ ಮರಳಿ ವಿಷಯ ಹೇಳಿದಾಗ.

ಬರೆದೆ. ಪಟ್ಟಿ ತಯಾರಾದಾಗ ಎಲ್ಲಕ್ಕಿಂತ ಕಡಿಮೆ ಹೊಗೆಯ ಹೊಲಗಳಲ್ಲಿ ಅವಳದೇ ಮೊದಲನೆಯ ಸಾಲಿನಲ್ಲಿತ್ತು. ಅವಳ ಪಕ್ಕದ ಮನೆಯವರಿಂದ ವಿಳಾಸ ಕೇಳಿಕೊಂಡು, ಒಂದು ಭಾನುವಾರ ಹೈದರಾಬಾದಿನ ಬಸ್ಸು ಹತ್ತಿದೆ.

ನಗರದ ಅಂಚಿನಲ್ಲಿ ಏಳುತ್ತಿದ್ದ ಕಟ್ಟಡದ ಮುಂದೆ ಅವಳು ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಹೊತ್ತು ನಿಂತಿದ್ದಳು. ರೆಪ್ಪೆಗಳೂ ಬೂದುಬಣ್ಣ. ಬುಟ್ಟಿ ಇಳಿಸಿ, ಮಂಜಿನಲ್ಲಿ ನಡೆದು ಬರುವವಳಂತೆ ಬಂದಳು.

“ಊರಾಗ ಮಳಿ ಬಂತೇನ್ ತಂಗಿ?”

“ಇಲ್ಲರಿ ಅಕ್ಕಾ.”

“ನನ್ನ ಹೊಲಕ್ಕ ಏನ್ ಬರದಿ?”

“ಸೊನ್ನಿ ಬರದೀನ್ರಿ.” ತಲೆ ಎತ್ತಲಾಗಲಿಲ್ಲ. “ಲೆಕ್ಕದಾಗ ನಿಮ್ಮದೇ ಛಲೋ ಹೊಲ ಅಂತ ಬಂದದ.”

ಅವಳು ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ. “ಖಾಲಿ ಬಿದ್ದ ಹೊಲ ಹ್ಯಾಂಗ ಛಲೋ ಆಗ್ತದ?” ಎಂದಷ್ಟೇ ಕೇಳಿ, ಕೂಲಿಗಳ ಮೇಲಿನ ಮುಕಾದಮ ಕೂಗಿದನೆಂದು ಬುಟ್ಟಿ ಎತ್ತಿಕೊಂಡಳು. ಹಿಂದೆ ಸಿಮೆಂಟು ಕಲೆಸುವ ಯಂತ್ರ ಕರಿ ಹೊಗೆ ಬಿಡುತ್ತ ತಿರುಗುತ್ತಿತ್ತು. ಆ ಹೊಗೆಯಾಗಲಿ, ಅವಳು ಹೊರುತ್ತಿದ್ದ ಸಿಮೆಂಟು ಸುಟ್ಟ ಭಟ್ಟಿಯದಾಗಲಿ, ನನ್ನ ಪಟ್ಟಿಯಲ್ಲೆಲ್ಲೂ ಇರಲಿಲ್ಲ.

ಸೋಮವಾರ ಆ ಸೊನ್ನೆಗಳನ್ನೆಲ್ಲ ಹೊಡೆದುಹಾಕಿ, “ಬಿತ್ತಿಲ್ಲ. ದುಡಿಯಲು ಊರು ಬಿಟ್ಟಿದ್ದಾರೆ” ಎಂದು ಬರೆದೆ. ಸಾಹೇಬರು ಸಿಡುಕಿದರು. ನಾನು ಹೈದರಾಬಾದಿನಲ್ಲಿ ಕಂಡದ್ದನ್ನು ಹೇಳಿದೆ. ಆಮೇಲೆ ಅವರೇ ಬಿತ್ತದ ಹೊಲಗಳನ್ನೆಲ್ಲ ಪಟ್ಟಿಯಿಂದ ತೆಗೆಸಿ, ಬೇರೊಂದು ಹಾಳೆಯಲ್ಲಿ ಬರೆಸಿದರು. ಆ ಹಾಳೆ ಎರಡೂ ಬದಿ ತುಂಬಿತು.

ಮರುವರ್ಷ ಬಿತ್ತನೆಯ ಹೊತ್ತಿಗೆ ಸರಿಯಾಗಿ, ಮಿರಗದಲ್ಲಿ ಹದವಾದ ಮಳೆ ಬಂತು. ಗಂಡ ಹೆಂಡತಿ ಇಬ್ಬರೂ ಮರಳಿ ಬಂದರು. ಮೊದಲು ಹೆಸರು ಬಿತ್ತುತ್ತೇವೆಂದಳು. ಅವನು ಎತ್ತು ಹೊಡೆಯುತ್ತಿದ್ದ. ಕೂರಿಗೆಯ ಬಟ್ಟಲಿಗೆ ಬೀಜ ಬಿಡುತ್ತಿದ್ದವಳು ನನ್ನ ಕೈಗೂ ಒಂದು ಹಿಡಿ ಕೊಟ್ಟಳು.

“ಬರಿಯೋದ್ ಬಿಡು, ಜರಾ ಇದನ್ನ ಮಾಡು. ಮುಷ್ಟಿ ಬಿಗಿ ಹಿಡಿಬ್ಯಾಡ.”

ಹಸಿರು ಕಾಳು ಬೆರಳ ಸಂದಿಯಿಂದ ತಣ್ಣಗೆ ಜಾರತೊಡಗಿತು. ಮುಂದೆ ಎತ್ತಿನ ಗಂಟೆ, ಕಾಲ ಕೆಳಗೆ ಮೆತ್ತನೆಯ ಮಣ್ಣು. ಸಾಲು ಮುಗಿದದ್ದೂ ತಿಳಿಯದೆ ನಾನು ನಡೆಯುತ್ತಲೇ ಇದ್ದೆ. ಅವಳು ಹಿಂದಿನಿಂದ ಕೂಗಿ ನಿಲ್ಲಿಸಿದಳು.