ಚರಗಕ್ಕೆ ಬಿದ್ದ ಉಪ್ಪು

ತಾಳಗುಂದದ ನಿರ್ಮಲಮ್ಮ ಕರಿಗಡುಬು ಕರಿದರೆ ಬೀದಿಯ ಆ ತುದಿಗೂ ಗೊತ್ತಾಗುತ್ತಿತ್ತು. ಮೂವತ್ತು ವರ್ಷ ಆ ಮನೆಯ ಹಬ್ಬವೆಂದರೆ ಅವಳ ಬಾಣಲೆ. ಶಿಕಾರಿಪುರದಿಂದ ಬರುವ ನೆಂಟರು ಮೊದಲು ಕೈ ಮುಗಿಯುತ್ತಿದ್ದುದು ದೇವರಿಗೋ ಬಾಣಲೆಗೋ, ಹೇಳುವುದು ಕಷ್ಟ. ಅವಳು ಮಾತ್ರ ಏನೂ ಅರಿಯದವಳಂತೆ, "ಏನೋ ಮಾಡೀನಿ, ತಿನ್ರಿ" ಅನ್ನುತ್ತಿದ್ದಳು.

ಈ ವರ್ಷ ಗಂಡ ಶಾಂತವೀರಪ್ಪ ಬಿಪಿ ಏರಿ ಆಸ್ಪತ್ರೆ ಸೇರಿ ಬಂದ. ಉಪ್ಪು, ಎಣ್ಣೆ ಕಡಿಮೆ ಮಾಡಿ ಎಂದರು ಡಾಕ್ಟರು. ತೆನೆ ಹೊತ್ತ ಭೂಮಿಯನ್ನು ಬಸುರಿ ಎಂದು ಪೂಜಿಸಿ ಬಯಕೆ ಉಣಿಸುವ ಭೂಮಿ ಹುಣ್ಣಿಮೆ ಹತ್ತಿರ ಬಂದಾಗ ಮೈದುನನ ಹೆಂಡತಿ ಕರುಣಾ, "ಭಾವ, ಸೊರಬದಲ್ಲಿ ನಮ್ಮ ತವರುಮನೇಲಿ ಈ ಹಬ್ಬಕ್ಕೆ ಬಾಣಲೆ ಇಡೋದೇ ಇಲ್ಲ. ಸೊಪ್ಪು, ಸೌತೆಕಾಯಿ ಕಡುಬು, ಅಷ್ಟೇ. ಈ ಸಲ ನಾನೇ ಮಾಡ್ತೀನಿ" ಅಂದಳು. ಶಾಂತವೀರಪ್ಪ ಹೆಂಡತಿಯ ಮುಖ ಕೂಡ ನೋಡದೆ ಹೂಂ ಅಂದುಬಿಟ್ಟ.

ನಿರ್ಮಲಮ್ಮನ ಹೊಟ್ಟೆಗೆ ಬೆಂಕಿ ಬಿತ್ತು. ಗಂಡ ಬದುಕಲಿ ಎಂದು ಹರಕೆ ಹೊತ್ತವಳು ತಾನು; ಅವನನ್ನು ಉಳಿಸುವ ಅಡುಗೆಯ ಹೆಸರು ಮೊನ್ನೆ ಮೊನ್ನೆ ಬಂದ ಇವಳಿಗೆ! ಕರುಣಾ ಬದುವೆಲ್ಲ ಅಲೆದು ಹರಿವೆ, ನುಗ್ಗೆ, ಕೆಸು, ಹೆಸರೇ ಗೊತ್ತಿಲ್ಲದ ಸೊಪ್ಪುಗಳನ್ನು ಮಡಿಲು ತುಂಬ ತಂದಳು. ಅಡುಗೆಮನೆ ಕಡೆ ತಲೆಯೇ ಹಾಕದ ನಿರ್ಮಲಮ್ಮನ ಮಗಳು ಸೌಂದರ್ಯ ಕೂಡ, "ಚಿಕ್ಕಮ್ಮ, ನಾ ಬಿಡಿಸ್ಲಾ?" ಎನ್ನುತ್ತ ಅವಳ ಪಕ್ಕ ಕೂತಳು.

ಹಬ್ಬದ ದಿನ ಮೊದಲು ಗದ್ದೆಗೆ ಚೆಲ್ಲುವ ಆ ಸೊಪ್ಪಿನ ಅಡುಗೆಗೆ ಚರಗ ಎನ್ನುತ್ತಾರೆ. ಭೂಮಿತಾಯಿ ಉಣ್ಣುವ ತನಕ ಅದನ್ನು ಯಾರೂ ರುಚಿ ನೋಡುವಂತಿಲ್ಲ. ಬೆಳಿಗ್ಗೆ ಕರುಣಾ ಬಾಳೆ ಎಲೆ ಕೊಯ್ಯಲು ಹಿತ್ತಲಿಗೆ ಹೋದದ್ದೇ ತಡ, ನಿರ್ಮಲಮ್ಮ ಬೇಯುತ್ತಿದ್ದ ಸೊಪ್ಪಿಗೆ ಎರಡು ಹಿಡಿ ಉಪ್ಪು ಸುರಿದು ಸೌಟಾಡಿಸಿದಳು. ಒಂದೇ ತುತ್ತಿಗೆ ಎಲ್ಲರೂ ಥೂ ಅನ್ನಬೇಕು, ಕರಿಗಡುಬೇ ಇರಬೇಕಿತ್ತು ಅನ್ನಬೇಕು. ಅವಳ ಆಸೆ ಅಷ್ಟೇ.

ಗದ್ದೆಯಲ್ಲಿ ಪೂಜೆಯಾಯಿತು. ಮೈದುನ ಸಿದ್ಧಲಿಂಗೇಶ್ ಚರಗ ಚೆಲ್ಲಿ ಬಂದ. ಬದುವಿನ ಮೇಲೆ ಎಲೆ ಹಾಕಿ ಕೂತರು. ಕರುಣಾ ಮೊದಲು ಭಾವನ ಎಲೆಗೇ ಸೊಪ್ಪು ಬಡಿಸಿದಳು. ವಾಸನೆಗೇ ಅವನ ಮುಖ ಅರಳಿತು.

"ಬಾಯಿಗೆ ರುಚಿ ಸಿಕ್ಕು ತಿಂಗಳಾತು ಕರುಣಮ್ಮ. ಇವತ್ತು ಮೂರು ಸಲ ಹಾಕಿಸ್ಕೊಂತೀನಿ."

ಮೂರು ಸಲ! ತನ್ನ ಕರಿಗಡುಬನ್ನು ಕೂಡ ಅವನು ಹೀಗೆ ಕೇಳಿದವನಲ್ಲ. ಆದರೆ ಅವನ ಗುಣ ನಿರ್ಮಲಮ್ಮನಿಗೆ ಗೊತ್ತು: ಎಷ್ಟೇ ಉಪ್ಪಿದ್ದರೂ ಥೂ ಅನ್ನುವವನಲ್ಲ, ಬಡಿಸಿದವಳ ಮನಸ್ಸು ನೋಯಬಾರದೆಂದು ಕಣ್ಣು ಮುಚ್ಚಿ ನುಂಗಿಬಿಡುತ್ತಾನೆ. ಆಸ್ಪತ್ರೆಯ ಮಂಚ ಅವಳ ಕಣ್ಣಿಗೆ ಕಟ್ಟಿತು. ಎದ್ದವಳೇ ಅವನ ಎಲೆ ಎಳೆದುಕೊಂಡಳು.

"ಉಣ್ಬ್ಯಾಡ್ರೀ! ಎರಡು ಹಿಡಿ ಉಪ್ಪು ಸುರಿದೀನಿ ಅದಕ್ಕೆ. ನಾನೇ!"

ಸೌಂದರ್ಯ ತಲೆ ತಗ್ಗಿಸಿದಳು. ಶಾಂತವೀರಪ್ಪ ಗದ್ದೆಯ ಕಡೆ ತಿರುಗಿ, "ಬಸುರಿ ಭೂಮ್ತಾಯಿಗೂ ಅದನ್ನೇ ಉಣಿಸಿದ್ಯಲ್ಲೇ" ಅಂದ.

ಕರುಣಾ ಸೊಪ್ಪಿನ ಪಾತ್ರೆಯನ್ನು ಬದಿಗಿಟ್ಟು ಕಡುಬು, ಮೊಸರು ಬಡಿಸತೊಡಗಿದಳು. ಮೊದಲು ಬಡಿಸಿದ್ದು ನಿರ್ಮಲಮ್ಮನಿಗೆ.

"ನಂದೂ ತಪ್ಪೇ ಅಕ್ಕ. ನಿಮ್ಮನ್ನ ಒಂದು ಮಾತು ಕೇಳ್ದೆ ಒಲೆ ಹಿಡ್ದೆ. ಉಣ್ಣಿ."

ಬೈದಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು. ನಿರ್ಮಲಮ್ಮ ಕಡುಬು ಮುರಿದು ಬಾಯಿಗಿಟ್ಟಳು. ಹಾಳಾದ್ದು, ಚೆನ್ನಾಗಿಯೇ ಇತ್ತು. ಅಷ್ಟು ದೊಡ್ಡ ಮನಸ್ಸು ಕೂಡ ಇವಳಿಗೇ ಇರಬೇಕೇ ಎಂದು ಅವಳಿಗೆ ಮತ್ತೆ ಹೊಟ್ಟೆ ಉರಿಯಿತು, ಕಣ್ಣಲ್ಲಿ ನೀರು ಬಂತು.